ದಿವಾನಗಿರಿ ಬಿಟ್ಟ ಮೇಲಿನ ನಲವತ್ಮೂರು ವರ್ಷ

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮೈಸೂರು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಪಟವೊಂದಿದೆ. ನಾನು ಎಂಟನೇ ತರಗತಿಗೆ ಸೇರಿದಾಗಲೂ ಅದು ಅಲ್ಲೇ ಇತ್ತು. ಮುಂದೆ ಬೇರೆ ಬೇರೆ ಊರುಗಳಲ್ಲಿ ಮೇಷ್ಟರಾಗಿ ಕೆಲಸ ಮಾಡಿದಾಗ, ಹೋದ ಶಾಲೆಯಲ್ಲೆಲ್ಲ ಅದೇ ಪಟ ನೋಡಿದೆ. ಸೆಪ್ಟೆಂಬರ್ 15 ಬಂದರೆ ಮಕ್ಕಳಿಂದ ಪ್ರಬಂಧ ಬರೆಸುತ್ತಿದ್ದೆವು. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿ ಕಾರ್ಖಾನೆ, ಭಾರತರತ್ನ, ಇಷ್ಟು ಬಂದರೆ ಹತ್ತಕ್ಕೆ ಎಂಟು ಅಂಕ. ಆ ಪ್ರಬಂಧಗಳಲ್ಲಿ ಅವರ ಬದುಕಿನ ಕೊನೆಯ ನಲವತ್ತು ವರ್ಷಗಳು ಒಂದೇ ಸಾಲಿನಲ್ಲಿ ಮುಗಿಯುತ್ತಿದ್ದವು. ನಾನೂ ಹಾಗೆಯೇ ಪಾಠ ಮಾಡಿದವನು. ಆ ಸಾಲಿನಲ್ಲಿ ಏನೆಲ್ಲ ಅಡಗಿದೆ ಎಂದು ಯೋಚಿಸಿದ್ದು ನಾನೇ ನಿವೃತ್ತನಾಗಿ ಮನೆಯ ಜಗಲಿಯ ಮೇಲೆ ಕುಳಿತ ಮೇಲೆ.

ಇನ್ನೊಂದು ಕಾರಣವೂ ಉಂಟು. ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಊರಿನ ಯಾವ ಹೊಲದ ಬದು ಎಲ್ಲಿಂದ ಎಲ್ಲಿಗೆ, ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಎಪ್ಪತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಅರಳಿಕಟ್ಟೆಗೆ ಹೋಗುವುದನ್ನು ಬಿಟ್ಟರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಹೇಳಿಕೊಂಡು ನಾವೆಲ್ಲ ಸುಮ್ಮನಿದ್ದೆವು. ಒಂದು ಸಂಜೆ ದೊಡ್ಡಬಳ್ಳಾಪುರದ ಸಂತೆಯಿಂದ ಮನೆಗೆ ಬರುವ ದಾರಿಯೇ ಅವರಿಗೆ ತಿಳಿಯದೆ ಹೋಯಿತು. ವೈದ್ಯರ ಬಳಿಗೆ ಕರೆದುಕೊಂಡು ಹೋದದ್ದು ಆಮೇಲೆ. ತಂದೆಯವರ ವಿಷಯದಲ್ಲಿ ನಾವು ಮಾಡಿದ ಆ ತಡ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹಾಗಾಗಿ ಈ ಸಂಚಿಕೆಗೆ ಲೇಖನ ಕೇಳಿದಾಗ, ತೊಂಬತ್ತು ದಾಟಿದರೂ ಲೆಕ್ಕ ತಪ್ಪದ ಈ ಹಿರಿಯರ ಬಗ್ಗೆ ಬರೆಯಬೇಕೆನಿಸಿತು.

ವಿಶ್ವೇಶ್ವರಯ್ಯನವರು ನಮಗೆ ದೂರದವರೇನಲ್ಲ. ನಮ್ಮ ಕಡೆಯಿಂದ ನೋಡಿದರೆ ನಂದಿಬೆಟ್ಟದ ಆಚೆ ಮಗ್ಗುಲಿಗೆ ಮುದ್ದೇನಹಳ್ಳಿ. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆ, ಆಗ ಕೋಲಾರಕ್ಕೆ ಸೇರಿತ್ತು. 1860ರ ಸೆಪ್ಟೆಂಬರ್ 15ರಂದು ಅಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹಿರಿಯರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದ್ದರಿಂದ ಹೆಸರಿನ ಹಿಂದೆ ಆ ಊರು ಉಳಿಯಿತು. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದು, ಆಮೇಲೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆ. ಹೊಟ್ಟೆಪಾಡಿಗೆ ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1881ರಲ್ಲಿ. ಅಲ್ಲಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಈ ಬಡ ವಿದ್ಯಾರ್ಥಿಯನ್ನು ಮೆಚ್ಚಿ ತಮ್ಮ ವೆಬ್‌ಸ್ಟರ್ ನಿಘಂಟನ್ನು ಕೊಟ್ಟರೆಂದು ಹೇಳುತ್ತಾರೆ. ನಿಘಂಟು ನೋಡುವ ಅಭ್ಯಾಸ ಮುದಿತನದವರೆಗೂ ಅವರನ್ನು ಬಿಡಲಿಲ್ಲ. ಒಂದು ಪದದ ಬಗ್ಗೆ ಅನುಮಾನ ಬಂದರೆ ಗೊತ್ತಿರಬಹುದು ಎಂದು ಮುಂದೆ ಹೋಗುವ ಜಾಯಮಾನ ಅವರದಲ್ಲ, ತೆಗೆದು ನೋಡಲೇಬೇಕು.

ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ್ದು, ಖಡಕ್ವಾಸ್ಲಾ ಜಲಾಶಯಕ್ಕೆ ತಾನಾಗಿಯೇ ತೆರೆದು ಮುಚ್ಚುವ ಬಾಗಿಲು ಕೂಡಿಸಿದ್ದು, 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದ್ ನಗರವನ್ನು ಕಾಪಾಡುವ ಯೋಜನೆ ಹಾಕಿಕೊಟ್ಟದ್ದು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು, 1912ರಿಂದ 1918ರವರೆಗೆ ದಿವಾನರಾಗಿದ್ದದ್ದು, ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾನಿಲಯ, ಮೂರೂ ಆ ಆರು ವರ್ಷಗಳ ಬೆಳೆ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಕೂಡಲಿಲ್ಲ, ಅವರು ಹುದ್ದೆ ಬಿಟ್ಟರು. ಆ ವಿಷಯದಲ್ಲಿ ಮಹಾರಾಜರದೇ ದೂರದೃಷ್ಟಿ ಎಂಬುದು ನನ್ನ ಅನಿಸಿಕೆ. ಇಲ್ಲದಿದ್ದರೆ ನಮ್ಮಂಥ ಹಳ್ಳಿಯ ಎಷ್ಟೋ ಮಂದಿ ಮೇಷ್ಟರಾಗುತ್ತಿರಲಿಲ್ಲ. ದೊಡ್ಡವರ ಬಗ್ಗೆ ಬರೆಯುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ.

1918ರ ಡಿಸೆಂಬರಿನಲ್ಲಿ ಅವರು ದಿವಾನಗಿರಿ ಬಿಟ್ಟಾಗ ವಯಸ್ಸು ಐವತ್ತೆಂಟು. ನಮ್ಮಲ್ಲಿ ಅರವತ್ತಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಇನ್ನು ಮೊಮ್ಮಕ್ಕಳ ಜೊತೆ ಆರಾಮವಾಗಿರಿ ಎಂದು ಮನೆಗೆ ಕಳಿಸುವ ವಯಸ್ಸು. ಅವರು ಮುಂಬಯಿ ಸರ್ಕಾರದ ಕೆಲಸದಿಂದ ಒಮ್ಮೆ ನಿವೃತ್ತರಾಗಿದ್ದವರೇ, ಇದು ಎರಡನೆಯದು. ಅಲ್ಲಿಂದ ಮುಂದೆ ಅವರಿಗೆ ಇನ್ನೂ ನಲವತ್ಮೂರು ವರ್ಷಗಳ ಆಯಸ್ಸಿತ್ತು. ದಿವಾನರಾಗಿದ್ದ ಕಾಲದ ಏಳರಷ್ಟು!

ಆ ವರ್ಷಗಳನ್ನು ಅವರು ಹೇಗೆ ಕಳೆದರು ನೋಡಿ. ಹುದ್ದೆ ಬಿಟ್ಟ ಕೂಡಲೇ ದೇಶದೇಶ ಸುತ್ತಲು ಹೊರಟರು. 1920ರಲ್ಲಿ ಭಾರತವನ್ನು ಮತ್ತೆ ಕಟ್ಟುವುದು ಹೇಗೆಂದು ಪುಸ್ತಕ ಬಂತು. 1923ರಲ್ಲಿ, ಅರವತ್ತು ದಾಟಿದ ಮೇಲೆ, ನಷ್ಟದ ಭಯ ಹುಟ್ಟಿಸಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಆರು ವರ್ಷ ಅದನ್ನು ನಡೆಸಿದರು. ಅವರು ಕಲಿತದ್ದು ನೀರು, ಕಟ್ಟೆ, ಕಾಲುವೆ. ಕಬ್ಬಿಣ ಕಾಯಿಸುವುದು ಅವರ ಕಸುಬಲ್ಲ. ಗೊತ್ತಿಲ್ಲದ ಕಸುಬನ್ನು ಆ ವಯಸ್ಸಿನಲ್ಲಿ ಕೂತು ಕಲಿತರು. 1934ರಲ್ಲಿ ಯೋಜನಾಬದ್ಧ ಆರ್ಥಿಕತೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳು ಬರಲು ಇನ್ನೂ ಹದಿನೇಳು ವರ್ಷ ಬಾಕಿ ಇತ್ತು. 1946ರಲ್ಲಿ ಎಂಬತ್ತೈದರ ಹರೆಯದಲ್ಲಿ ಕೈಗಾರಿಕೋದ್ಯಮಿಗಳ ನಿಯೋಗ ಕರೆದುಕೊಂಡು ಅಮೆರಿಕ, ಯುರೋಪಿಗೆ ಹೋಗಿಬಂದರು. ಹಳ್ಳಿಗಳಲ್ಲಿ ಸಣ್ಣ ಕೈಗಾರಿಕೆ ಬೆಳೆಸುವ ಯೋಜನೆ ಬರೆದದ್ದೂ ಈ ಮುಪ್ಪಿನಲ್ಲೇ. 1951ರಲ್ಲಿ ತಮ್ಮ ಕೆಲಸದ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ಆಗ ತೊಂಬತ್ತು.

ಇದೆಲ್ಲಕ್ಕಿಂತ ನನಗೆ ಬೆರಗೆನಿಸುವುದು ಮೊಕಾಮೆಯ ಕಥೆ. ಬಿಹಾರದಲ್ಲಿ ಗಂಗಾನದಿಗೆ ರೈಲು ಮತ್ತು ರಸ್ತೆ ಎರಡೂ ಸಾಗುವ ಸೇತುವೆ ಬೇಕಾಗಿತ್ತು. ಎಲ್ಲಿ ಕಟ್ಟಬೇಕು ಎಂಬುದರ ಮೇಲೆ ಊರೂರಿಗೂ ಜಗಳ, ಪ್ರತಿಯೊಬ್ಬರಿಗೂ ತಮ್ಮ ಊರಿನ ಹತ್ತಿರವೇ ಆಗಬೇಕು. ನಮ್ಮ ಕಡೆ ಬಸ್ ನಿಲ್ದಾಣದ ಜಾಗಕ್ಕೆ ನಡೆಯುವ ಜಗಳವನ್ನು ಸಾವಿರ ಪಾಲು ದೊಡ್ಡದು ಮಾಡಿಕೊಳ್ಳಿ. ಇತ್ಯರ್ಥಕ್ಕೆ ಕೇಂದ್ರ ಸರ್ಕಾರ ಕರೆದದ್ದು ತೊಂಬತ್ತು ದಾಟಿದ ವಿಶ್ವೇಶ್ವರಯ್ಯನವರನ್ನು. ಅವರು ನದಿಯ ದಡ, ಹರಿವು, ನೆಲದ ಗುಣ ಎಲ್ಲ ಪರಿಶೀಲಿಸಿ ಜಾಗ ಸೂಚಿಸಿದರು. ಅದೇ ಮೊಕಾಮೆಯ ರಾಜೇಂದ್ರ ಸೇತು, 1959ರಲ್ಲಿ ಉದ್ಘಾಟನೆಯಾಯಿತು. ಅವರ ಹೆಸರಿಗೆ ಗೌರವ ಕೊಟ್ಟು ಕೂರಿಸಲು ಕರೆದದ್ದಲ್ಲ ಅದು, ಕೆಲಸಕ್ಕೇ ಕರೆದದ್ದು.

ಹಾಗಾದರೆ ಅವರದು ದೈವದತ್ತವಾದ ನೆನಪಿನ ಶಕ್ತಿಯೇ? ಒಮ್ಮೆ ಕೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸುವ ಅವಧಾನಿಗಳು ನಮ್ಮ ನಾಡಿನಲ್ಲಿದ್ದಾರೆ. ವಿಶ್ವೇಶ್ವರಯ್ಯನವರು ಆ ಜಾತಿಯವರಲ್ಲ. ಹೇಳಬೇಕೆಂದರೆ ಅವರು ನೆನಪನ್ನು ನಂಬುತ್ತಲೇ ಇರಲಿಲ್ಲ, ಕಾಗದವನ್ನು ನಂಬುತ್ತಿದ್ದರು. ಹೋದಲ್ಲೆಲ್ಲ ಟಿಪ್ಪಣಿ ಪುಸ್ತಕ. ಕಂಡದ್ದು, ಕೇಳಿದ್ದು, ಅಂಕಿ ಅಂಶ, ಎಲ್ಲವೂ ಅದರಲ್ಲಿ. ನಾಳೆಯ ಕೆಲಸ ಇವತ್ತೇ ಬರೆದಿಟ್ಟಿರಬೇಕು. ಭಾಷಣವನ್ನು ಬರೆದು, ತಿದ್ದಿ, ಮತ್ತೆ ತಿದ್ದಿ, ಆಮೇಲೆ ವೇದಿಕೆ. ಒಂದು ಪ್ರಾಥಮಿಕ ಶಾಲೆಗೆ ಭೇಟಿ ಕೊಟ್ಟಾಗ ಮೇಷ್ಟರು ಒತ್ತಾಯಿಸಿದರೆಂದು ಸಿದ್ಧತೆಯಿಲ್ಲದೆ ಐದು ನಿಮಿಷ ಮಾತನಾಡಿದರಂತೆ. ಮಕ್ಕಳು ಸಂತೋಷಪಟ್ಟರೂ ಅವರಿಗೆ ಸಮಾಧಾನವಿಲ್ಲ. ಕೆಲವು ದಿನಗಳ ನಂತರ ಭಾಷಣ ಬರೆದುಕೊಂಡು ಮತ್ತೆ ಅದೇ ಶಾಲೆಗೆ ಬಂದರಂತೆ. ಎಷ್ಟೋ ಮಂದಿ ಹೇಳಿಕೊಂಡು ಬಂದ ಕಥೆ ಇದು. ಅವರ ಸ್ವಭಾವಕ್ಕೆ ಹೊಂದುವಂಥದ್ದು ಎಂದು ಇಲ್ಲಿ ಬರೆದೆ.

ಬರೆದಿಟ್ಟರೆ ನೆನಪು ಮೊಂಡಾಗುತ್ತದೆ ಎಂದು ನಾನೂ ಮಕ್ಕಳಿಗೆ ಹೇಳಿದ್ದೆ, ಬಾಯಿಪಾಠ ಮಾಡಿ ಎಂದು ಗದರಿಸಿದ್ದೆ. ಇವರ ಬದುಕು ನೋಡಿದರೆ ಹಾಗಲ್ಲ. ಬರೆಯುವುದಕ್ಕೆ ಗಮನ ಕೊಡಬೇಕು, ಗಮನ ಕೊಟ್ಟದ್ದು ತಲೆಯಲ್ಲಿ ನಿಲ್ಲುತ್ತದೆ. ತಿದ್ದುವಾಗ ಅದೇ ವಿಷಯ ಎರಡನೇ ಸಲ, ಮೂರನೇ ಸಲ ಮನಸ್ಸಿನಲ್ಲಿ ಓಡಾಡುತ್ತದೆ. ಚಿಲ್ಲರೆ ವಿಷಯಗಳನ್ನು ಕಾಗದಕ್ಕೆ ಒಪ್ಪಿಸಿದರೆ ತಲೆಗೆ ದೊಡ್ಡ ಕೆಲಸಕ್ಕೆ ಬಿಡುವೂ ಸಿಗುತ್ತದೆ.

ದೇಹದ ಶಿಸ್ತೂ ಅಷ್ಟೇ ಬಿಗಿ. ಮಿತವಾದ ಸಸ್ಯಾಹಾರ, ಹೊತ್ತಿಗೆ ಸರಿಯಾಗಿ. ಬೀಡಿ ಸಿಗರೇಟಿಲ್ಲ, ಕುಡಿತವಿಲ್ಲ. ದಿನವೂ ನಡಿಗೆ. ತೊಂಬತ್ತರಲ್ಲೂ ಕೋಟು, ಟೈ, ಪೇಟ ಧರಿಸಿ ಸಿದ್ಧರಾಗಿ ಕುಳಿತಿರುತ್ತಿದ್ದರು. ನೋಡಲು ಬಂದವರು ಹೇಳಿದ ಹೊತ್ತಿಗಿಂತ ತಡವಾದರೆ ಕಷ್ಟ. ಜಾತ್ರೆಯಲ್ಲಿ ಮಾರುವ ನೆನಪಿನ ಲೇಹ್ಯ, ಟಿ.ವಿ.ಯಲ್ಲಿ ತೋರಿಸುವ ಬುದ್ಧಿಯ ಪುಡಿ ಇವು ಯಾವುವೂ ಈ ಲೆಕ್ಕದಲ್ಲಿ ಇಲ್ಲ.

ಈಗಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. 2024ರಲ್ಲಿ ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ, ಮರೆಗುಳಿ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಓದಿನ ಕೊರತೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಬತ್ತಿ, ಅತಿಯಾದ ಕುಡಿತ, ಮೈಗೆ ಕೆಲಸವಿಲ್ಲದಿರುವುದು, ತಲೆಗೆ ಪೆಟ್ಟು, ಕಿವಿ ಕೇಳದಿರುವುದು, ಒಂಟಿತನ ಇವೆಲ್ಲ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಅಂದಾಜು. ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೂ ನಲವತ್ತೈದು ದಾಟಿದ ಸಾವಿರಾರು ಜನರ ನೆನಪು, ಆರೋಗ್ಯ ಪರೀಕ್ಷಿಸಿ ವರ್ಷವರ್ಷ ಗಮನಿಸುವ ಅಧ್ಯಯನ ನಡೆದಿದೆ. ನಡೆಸುತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ರಾಗಿ ತಿಂದು ಹೊಲದಲ್ಲಿ ದುಡಿದ ನಮ್ಮಂಥವರ ಮಿದುಳಿನ ಬಗ್ಗೆ ಈವರೆಗೆ ಕೇಳಿದವರೇ ಕಡಿಮೆ.

ಆದರೂ ಒಂದು ಮಾತು ಹೇಳಲೇಬೇಕು. ಉಳಿದ ಶೇ. 55ಕ್ಕೆ ಯಾರ ಕೈಯಲ್ಲೂ ಉತ್ತರವಿಲ್ಲ. ವಿಶ್ವೇಶ್ವರಯ್ಯನವರಂತೆಯೇ ಶಿಸ್ತಿನಿಂದ ಬದುಕಿದವರಿಗೂ ಮರೆವಿನ ಕಾಯಿಲೆ ಬಂದಿದೆ. ಬಂದರೆ ಅದು ಅವರ ತಪ್ಪಲ್ಲ, ಸೋಮಾರಿತನದ ಫಲವೂ ಅಲ್ಲ. ಬಿ12 ಜೀವಸತ್ವದ ಕೊರತೆಯಿಂದ, ಥೈರಾಯ್ಡ್ ತೊಂದರೆಯಿಂದ, ಮನಸ್ಸು ಕುಗ್ಗಿದ್ದರಿಂದ ಬರುವ ಮರೆವು ಬೇರೆ ಇದೆ. ಅದಕ್ಕೆ ಚಿಕಿತ್ಸೆ ಇದೆ, ರಕ್ತಪರೀಕ್ಷೆ ಮಾಡಿಸಿದರೆ ಎಷ್ಟೋ ವಿಷಯ ಅಲ್ಲೇ ತಿಳಿಯುತ್ತದೆ. ಇದನ್ನು ನಮಗೆ ಹೇಳಿದ ವೈದ್ಯರು ತಂದೆಯವರ ಕಿವಿಯನ್ನು ಮೊದಲು ನೋಡಿದರು. ಯಂತ್ರ ಹಾಕಿಸಿದ ಮೇಲೆ ಅವರು ಮತ್ತೆ ನಾಲ್ಕು ದಿನ ಅರಳಿಕಟ್ಟೆಗೆ ಹೋದರು. ಕಾಯಿಲೆ ಹಿಂದಕ್ಕೆ ಹೋಗಲಿಲ್ಲ, ಆದರೆ ಮುಖದಲ್ಲಿ ಕಳೆ ಬಂತು. ಎರಡು ವರ್ಷ ಮೊದಲೇ ಹೋಗಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. 1960ರಲ್ಲಿ ಶತಮಾನೋತ್ಸವ ನಡೆದು, ಅವರ ಚಿತ್ರವಿರುವ ಅಂಚೆಚೀಟಿ ಹೊರಬಂತು. ಬದುಕಿರುವಾಗಲೇ ಅಂಚೆಚೀಟಿಯಲ್ಲಿ ತಮ್ಮ ಮುಖ ನೋಡಿಕೊಂಡ ಭಾರತೀಯರು ಬೆರಳೆಣಿಕೆಯಷ್ಟು ಮಂದಿ. ಕೊನೆಗಾಲದಲ್ಲಿ ದೇಹ ಸೋತಿತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ನೂರಾ ಒಂದು ತುಂಬಿ ಏಳು ತಿಂಗಳಾಗಿತ್ತು. ಅಂತ್ಯಕ್ರಿಯೆ ಹುಟ್ಟೂರಿನಲ್ಲಿ ನಡೆಯಿತು, ಸಮಾಧಿ ಅಲ್ಲೇ ಇದೆ.

ಹೋದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಮುದ್ದೇನಹಳ್ಳಿಗೆ ಹೋಗಿದ್ದೆವು. ಎಲ್ಲರೂ ಅರವತ್ತರ ಆಸುಪಾಸಿನವರು. ಅವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಅವರ ಕನ್ನಡಕ, ಪುಸ್ತಕಗಳು, ಹೆಸರಿನ ಚೀಟಿ ಅಚ್ಚು ಹಾಕುತ್ತಿದ್ದ ಅಚ್ಚು ಎಲ್ಲ ಅಲ್ಲಿವೆ. ನಾವು ಪುಸ್ತಕದ ಬೀರುಗಳ ಮುಂದೆಯೇ ಹೆಚ್ಚು ಹೊತ್ತು ನಿಂತೆವು. ಬರುವ ದಾರಿಯಲ್ಲಿ ಚಹಾ ಕುಡಿಯಲು ನಿಂತಾಗ ನಮ್ಮಲ್ಲೊಬ್ಬ, ನಿವೃತ್ತನಾಗಿ ಎರಡು ವರ್ಷದಿಂದ ಮನೆಯಲ್ಲೇ ಇದ್ದವನು, ಪಕ್ಕದ ಅಂಗಡಿಗೆ ಹೋಗಿ ನೂರು ಪುಟದ ಒಂದು ನೋಟ್‌ಬುಕ್ ಕೊಂಡು ತಂದ. ಶಾಲೆ ಶುರುವಾದಾಗಿನಿಂದ ಇಲ್ಲಿ ಕೆಲಸ ಮಾಡಿದ ಮೇಷ್ಟರುಗಳ ಹೆಸರುಗಳನ್ನು ನೆನಪಿನಿಂದ ಬರೆಯಲು ಕುಳಿತೆವು. ದೇವನಹಳ್ಳಿ ತಲುಪುವ ಹೊತ್ತಿಗೆ ಇಪ್ಪತ್ತಾರು ಹೆಸರಾಗಿತ್ತು. ಆ ಪಟ್ಟಿ ಈಗ ನನ್ನ ಬಳಿ ಇದೆ. ಡ್ರಿಲ್ ಮೇಷ್ಟರೊಬ್ಬರ ಹೆಸರು ಮಾತ್ರ ಯಾರಿಗೂ ಹೊಳೆಯಲಿಲ್ಲ, ಗೊತ್ತಿದ್ದವರು ಶಾಲೆಯ ಕಚೇರಿಗೆ ತಿಳಿಸಿದರೆ ಸೇರಿಸಿಕೊಳ್ಳುತ್ತೇವೆ.