ಬೂಟು ಹೊಲಿಯುತ್ತಿದ್ದ ವೀರ ಜಾರ್ಜ್ ಹ್ಯೂಸ್



ಗೋಡೆ ಪತ್ರಿಕೆಯಲ್ಲಿ ಎಲ್ಲರೂ ರಾಜರ ಬಗ್ಗೆ, ದೊಡ್ಡ ದೊಡ್ಡ ನಾಯಕರ ಬಗ್ಗೆ ಬರೆಯುತ್ತಾರೆ. ನಾನು ಈ ಸಲ ಬೂಟು ಹೊಲಿದು ಬದುಕಿದ ಒಬ್ಬ ತಾತನ ಬಗ್ಗೆ ಬರೆಯುತ್ತೇನೆ. ನಮ್ಮ ಸಮಾಜ ಮೇಷ್ಟ್ರು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಮಾಡುವಾಗ ಇವರ ಕಥೆ ಹೇಳಿದರು. ನನಗೆ ಬಹಳ ಹಿಡಿಸಿತು.

ಇವರ ಪೂರ್ತಿ ಹೆಸರು ಜಾರ್ಜ್ ರಾಬರ್ಟ್ ಟ್ವೆಲ್ವ್ಸ್ ಹ್ಯೂಸ್. ಹೆಸರು ಉದ್ದ, ಆಳು ಮಾತ್ರ ಗಿಡ್ಡ! ಎತ್ತರ ಬರೀ 5 ಅಡಿ 1 ಅಂಗುಲ. ಇವರು 1742ರಲ್ಲಿ ಅಮೆರಿಕದ ಬಾಸ್ಟನ್ ಎಂಬ ಬಂದರು ಊರಿನಲ್ಲಿ ಹುಟ್ಟಿದರು. ಆಗ ಆ ಊರು ಇಂಗ್ಲೆಂಡಿನ ಆಡಳಿತದಲ್ಲಿತ್ತು. ಇವರಿಗೆ ಏಳು ವರ್ಷ ಆದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ಹದಿನಾಲ್ಕನೇ ವಯಸ್ಸಿಗೆ ಬೂಟು ಹೊಲಿಯುವ ಕೆಲಸ ಕಲಿಯಲು ಸೇರಿದರು. ಅಂದರೆ ನಮಗಿಂತ ಒಂದೇ ವರ್ಷ ದೊಡ್ಡವರು!

ಹ್ಯೂಸ್ ಅವರಿಗೆ ಸಿಪಾಯಿ ಆಗಬೇಕು ಅಂತ ಬಹಳ ಆಸೆ ಇತ್ತು. ಆದರೆ ಸೈನ್ಯಕ್ಕೆ ಸೇರಲು ಎತ್ತರ ಒಂದು ಅಂಗುಲ ಕಮ್ಮಿ ಬಿತ್ತು. ಅವರು ಬಿಡಲಿಲ್ಲ. ಬೂಟಿನ ಹಿಮ್ಮಡಿಗೆ ಅಟ್ಟೆ ಮೇಲೆ ಅಟ್ಟೆ ಹೊಡೆಸಿಕೊಂಡರು. ಕಾಲುಚೀಲದೊಳಗೆ ಕಾಗದ, ಚಿಂದಿ ಬಟ್ಟೆ ತುರುಕಿಕೊಂಡು ಹೋದರು. ಆದರೂ ಅಧಿಕಾರಿಗೆ ಗೊತ್ತಾಗಿಹೋಯ್ತು. ವಾಪಸ್ ಕಳಿಸಿಬಿಟ್ಟರು.

ಆ ಊರಿನಲ್ಲಿ ಜಾನ್ ಹ್ಯಾನ್ಕಾಕ್ ಎಂಬ ಭಾರಿ ಶ್ರೀಮಂತ ವ್ಯಾಪಾರಿ ಇದ್ದರು. ಹ್ಯೂಸ್ ಒಮ್ಮೆ ಅವರ ಬೂಟು ರಿಪೇರಿ ಮಾಡಿಕೊಟ್ಟಿದ್ದರು. ಹೊಸ ವರ್ಷದ ದಿನ ಮನೆಗೆ ಬಾ ಅಂತ ಹ್ಯಾನ್ಕಾಕ್ ಕರೆದರು. ಹ್ಯೂಸ್ ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದರು. ಆದರೆ ಆ ದೊಡ್ಡ ಮನೆಯಲ್ಲಿ ಕೈಕಾಲು ನಡುಗಿ ಬಾಯಿಂದ ಸರಿಯಾಗಿ ಮಾತೇ ಹೊರಡಲಿಲ್ಲವಂತೆ. ಈ ಸಂಗತಿಯನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

1768ರಲ್ಲಿ ಇಂಗ್ಲೆಂಡಿನ ಸೈನಿಕರು ಬಾಸ್ಟನ್ನಿಗೆ ಬಂದು ಬೀಡುಬಿಟ್ಟರು. ಜನಕ್ಕೂ ಅವರಿಗೂ ದಿನಾ ಜಗಳ. 1770ರ ಮಾರ್ಚ್ 5ರಂದು ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಐದು ಜನ ಸತ್ತರು. ಅವರಲ್ಲಿ ಒಬ್ಬರು ಕುಸಿದು ಬಿದ್ದದ್ದು ಹ್ಯೂಸ್ ಅವರ ತೋಳುಗಳ ಮೇಲೆಯೇ. ಅದೇ ವರ್ಷ ಹ್ಯೂಸ್ ಜೈಲಿಗೂ ಹೋಗಬೇಕಾಯ್ತು. ಕಳ್ಳತನಕ್ಕಲ್ಲ, ಒಬ್ಬ ದರ್ಜಿಗೆ ಒಂದು ಜೊತೆ ಬಟ್ಟೆಯ ಸಾಲ ತೀರಿಸಲಾಗದ್ದಕ್ಕೆ!

ಆಮೇಲೆ ಚಹಾದ ಗಲಾಟೆ ಬಂತು. ಈಸ್ಟ್ ಇಂಡಿಯಾ ಕಂಪನಿ ಚೀನಾ ದೇಶದ ಚಹಾವನ್ನು ಬಾಸ್ಟನ್ನಿಗೆ ಕಳಿಸಿತು. ನಮ್ಮ ಮೈಸೂರಿನ ಹೈದರಾಲಿ 1767ರಿಂದ 1769ರವರೆಗೆ ಯುದ್ಧ ಮಾಡಿದ್ದು ಇದೇ ಕಂಪನಿಯ ಮೇಲೆ. ತಮ್ಮನ್ನು ಒಂದು ಮಾತೂ ಕೇಳದೆ ಚಹಾದ ಮೇಲೆ ತೆರಿಗೆ ಹಾಕಿದ್ದಾರೆ ಅಂತ ಬಾಸ್ಟನ್ ಜನ ಸಿಟ್ಟಾದರು. 1773ರ ಡಿಸೆಂಬರ್ 16ರ ರಾತ್ರಿ ಅವರು ಮೂರು ಹಡಗುಗಳಿಗೆ ನುಗ್ಗಿದರು. ಹ್ಯೂಸ್ ಕಮ್ಮಾರನ ಅಂಗಡಿಯ ಇದ್ದಿಲ ಪುಡಿಯನ್ನು ಮುಖಕ್ಕೆ ಬಳಿದುಕೊಂಡು ಹೋದರು. ಅವರು ಜೋರಾಗಿ ಸಿಳ್ಳೆ ಹಾಕುತ್ತಿದ್ದುದರಿಂದ ಒಂದು ಗುಂಪಿಗೆ ಅವರನ್ನೇ ಮುಂದಾಳು ಮಾಡಿದರು. ಹಡಗಿನ ಕ್ಯಾಪ್ಟನ್ ಹತ್ತಿರ ಹೋಗಿ ಬೀಗದ ಕೈ ಮತ್ತು ಮೇಣದ ಬತ್ತಿ ಕೇಳಿ ತಂದವರೂ ಅವರೇ. ಸುಮಾರು ಮೂರು ಗಂಟೆಯಲ್ಲಿ 342 ಪೆಟ್ಟಿಗೆ ಚಹಾ ಸಮುದ್ರ ಸೇರಿತು. ಯಾರೂ ಒಂದು ಹಿಡಿ ಚಹಾ ಕೂಡ ಮನೆಗೆ ಒಯ್ಯಬಾರದು ಅಂತ ಕಟ್ಟಪ್ಪಣೆ ಇತ್ತು. ಒಬ್ಬಾತ ಕೋಟಿನೊಳಗೆ ತುಂಬಿಕೊಳ್ಳುವಾಗ ಹ್ಯೂಸ್ ಅವನ ಕೋಟಿನ ಚುಂಗು ಹಿಡಿದು ಎಳೆದರಂತೆ.

ಆ ಕತ್ತಲಲ್ಲಿ ಹ್ಯಾನ್ಕಾಕ್ ಕೂಡ ತನ್ನ ಪಕ್ಕದಲ್ಲೇ ನಿಂತು ಪೆಟ್ಟಿಗೆ ಒಡೆದರು ಅಂತ ಹ್ಯೂಸ್ ಮುದುಕರಾದ ಮೇಲೂ ಹೇಳುತ್ತಿದ್ದರು. ಅದು ನಿಜ ಇರಲಾರದು ಅನ್ನುತ್ತಾರೆ ಇತಿಹಾಸ ಬರೆದವರು. ಆದರೆ ನನಗೆ ಅನ್ನಿಸುವುದು ಬೇರೆ. ಯಾರ ಮುಂದೆ ನಡುಗಿದ್ದರೋ ಅವರ ಪಕ್ಕದಲ್ಲಿ ಸಮಸಮವಾಗಿ ನಿಂತೆ ಅಂತ ಅವರಿಗೆ ಅನ್ನಿಸಿತಲ್ಲ, ಅದು ದೊಡ್ಡದು.

ಹ್ಯೂಸ್ ಅವರಿಗೆ ಕರುಣೆಯೂ ಇತ್ತು. 1774ರ ಜನವರಿಯಲ್ಲಿ ಮಾಲ್ಕಮ್ ಎಂಬ ಸುಂಕದ ಅಧಿಕಾರಿ ಒಬ್ಬ ಹುಡುಗನಿಗೆ ಬೆತ್ತದಿಂದ ಹೊಡೆಯಲು ಹೋದ. ಹ್ಯೂಸ್ ಅಡ್ಡ ಬಂದರು. ಮಾಲ್ಕಮ್ ಅವರ ತಲೆಗೇ ಬಾರಿಸಿದ. ಅವರು ಪ್ರಜ್ಞೆ ತಪ್ಪಿ ಬಿದ್ದರು. ಜನ ರೊಚ್ಚಿಗೆದ್ದು ಆ ಚಳಿಯಲ್ಲಿ ಮಾಲ್ಕಮನ ಬಟ್ಟೆ ಕಿತ್ತು, ಮೈಗೆ ಟಾರು ಬಳಿದು, ಪುಕ್ಕ ಅಂಟಿಸಿ ಗಾಡಿಯಲ್ಲಿ ಮೆರವಣಿಗೆ ಮಾಡಿದರು. ಆಗ ಏಟು ತಿಂದ ಹ್ಯೂಸ್ ಅವರೇ ಅವನಿಗೆ ಹೊದಿಸಲು ಕಂಬಳಿ ಹಿಡಿದುಕೊಂಡು ಗಾಡಿಯ ಹಿಂದೆ ಓಡಿದರು!

1775ರಲ್ಲಿ ಯುದ್ಧ ಶುರುವಾಯ್ತು. ಹ್ಯೂಸ್ ದೋಣಿಯಲ್ಲಿ ಬಾಸ್ಟನ್ನಿನಿಂದ ತಪ್ಪಿಸಿಕೊಂಡರು. ಈಗ ಅವರ ಎತ್ತರವನ್ನು ಯಾರೂ ಅಳೆಯಲಿಲ್ಲ. ನೆಲದ ಮೇಲೆ ಊರ ದಂಡಿನಲ್ಲಿ ಸಿಪಾಯಿಯಾಗಿ, ಸಮುದ್ರದ ಮೇಲೆ ಶತ್ರುಗಳ ಹಡಗು ಹಿಡಿಯುವ ಹಡಗುಗಳಲ್ಲಿ ನಾವಿಕರಾಗಿ ಹೋರಾಡಿದರು. ಒಮ್ಮೆ ಹ್ಯಾನ್ಕಾಕ್ ಹೆಸರಿನದೇ ಒಂದು ಹಡಗಿಗೆ ಸೇರುವವರಿದ್ದರು. ಬೀದಿಯಲ್ಲಿ ಆ ಹಡಗಿನ ಅಧಿಕಾರಿ ಎದುರು ಸಿಕ್ಕಿ, ನನಗೆ ಟೋಪಿ ತೆಗೆ ಅಂದ. ಹ್ಯೂಸ್ ತೆಗೆಯಲಿಲ್ಲ. ಆ ಹಡಗೇ ಬೇಡ ಅಂತ ಬೇರೆ ಹಡಗಿಗೆ ಸೇರಿದರು.

ಇದನ್ನು ಕೇಳಿದಾಗ ನನಗೆ ನಮ್ಮ ತಾತ ನೆನಪಾದರು. ಅವರೂ ಚಪ್ಪಲಿ ಹೊಲಿಯುತ್ತಿದ್ದರು. ಈಗ ನಮ್ಮಪ್ಪ ಸಂತೆಯಲ್ಲಿ ಅದೇ ಉಳಿ, ರಂಪಿಗೆ ಇಟ್ಟುಕೊಂಡು ಕೂರುತ್ತಾರೆ. ತಾತ ಊರ ದೊಡ್ಡವರ ಬೀದಿಗೆ ಬಂದಾಗ ತಾವೇ ಹೊಲಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೀತಿದ್ರಂತೆ. ಹಾಗೆ ನಡೆಯದಿದ್ದರೆ ಬೈಗುಳ, ಏಟು. ಆದ್ದರಿಂದ ಟೋಪಿ ತೆಗೆಯದೆ ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

1783ರಲ್ಲಿ ಯುದ್ಧ ಮುಗಿದು ದೇಶ ಸ್ವತಂತ್ರ ಆಯ್ತು. ಹ್ಯಾನ್ಕಾಕ್ ಆಗ ರಾಜ್ಯಪಾಲರಾಗಿದ್ದರು. ಹ್ಯೂಸ್ ಮಾತ್ರ ಮತ್ತೆ ಬೂಟು ಹೊಲಿಯಲು ಕೂತರು. ಒಂದು ಹಡಗಿನ ಕ್ಯಾಪ್ಟನ್ ಅವರ ಪಾಲಿನ ಹಣವನ್ನೂ ಕೊಡಲಿಲ್ಲ. ಬಾಸ್ಟನ್ನಿನಲ್ಲಿದ್ದ ಅಂಗಡಿಯನ್ನು ಇಂಗ್ಲೆಂಡಿನ ಸೈನಿಕರು ಕಿತ್ತು ಸೌದೆ ಮಾಡಿಕೊಂಡಿದ್ದರಂತೆ. ಹೆಂಡತಿ ಸ್ಯಾಲಿ ಮತ್ತು ಅವರಿಗೆ ಹದಿನೈದು ಮಕ್ಕಳು. ಮುಂದೆ ನ್ಯೂಯಾರ್ಕ್ ರಾಜ್ಯದ ರಿಚ್‌ಫೀಲ್ಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದರು. ಅಲ್ಲಿ 1828ರಲ್ಲಿ ಸ್ಯಾಲಿ ತೀರಿಕೊಂಡರು. 1832ರ ಕಾನೂನಿನಿಂದ ಹ್ಯೂಸ್ ಅವರಿಗೆ ವರ್ಷಕ್ಕೆ 60 ಡಾಲರ್ ಪಿಂಚಣಿ ಬಂತು. ಅಷ್ಟು ಹೊತ್ತಿಗೆ ಅವರಿಗೆ ತೊಂಬತ್ತು ವರ್ಷ!

ಆಮೇಲೆ ಜನಕ್ಕೆ ಅವರ ನೆನಪಾಯ್ತು. 1834ರಲ್ಲಿ ಒಂದು, 1835ರಲ್ಲಿ ಇನ್ನೊಂದು, ಹೀಗೆ ಅವರ ಬಗ್ಗೆ ಎರಡು ಪುಸ್ತಕ ಬಂದವು. 1835ರಲ್ಲಿ ಬಾಸ್ಟನ್ನಿಗೆ ಕರೆಸಿ ಜುಲೈ 4ರ ಸ್ವಾತಂತ್ರ್ಯ ದಿನದಂದು ಗೌರವ ಮಾಡಿದರು. ಒಬ್ಬ ಕಲಾವಿದ ಅವರ ಚಿತ್ರ ಬರೆದು ಅದಕ್ಕೆ ಶತಾಯುಷಿ ಎಂಬ ಅರ್ಥದ ಹೆಸರಿಟ್ಟ. ನಿಜವಾಗಿ ಆಗ ಅವರಿಗೆ ತೊಂಬತ್ತೆರಡು ವರ್ಷ ಅಷ್ಟೆ. ಚಿತ್ರದಲ್ಲಿ ತಾತ ಕೋಲು ಹಿಡಿದು ಕೂತು ನಗುತ್ತಿದ್ದಾರೆ.

1840ರ ಜುಲೈ 4ರಂದು ಸ್ವಾತಂತ್ರ್ಯ ದಿನಕ್ಕೆ ಹೋಗಲು ಗಾಡಿ ಹತ್ತುವಾಗ ಬಿದ್ದು ಪೆಟ್ಟಾಯಿತು. ಅದೇ ವರ್ಷ ನವೆಂಬರ್ 5ರಂದು ತೀರಿಕೊಂಡರು. ಆಗ ಅವರಿಗೆ ತೊಂಬತ್ತೆಂಟು ವರ್ಷ.

ಗೆಳೆಯರೇ, ದೇಶ ಕಟ್ಟಿದವರು ಅಂದ ಕೂಡಲೇ ನಾವು ಕುದುರೆ ಮೇಲೆ ಕೂತವರನ್ನು ಮಾತ್ರ ನೆನೆಯುತ್ತೇವೆ. ಆ ಕುದುರೆ ಸವಾರರ ಬೂಟು ಹೊಲಿದವರೂ ದೇಶ ಕಟ್ಟಿದ್ದಾರೆ. ಅವರನ್ನು ಬದುಕಿರುವಾಗಲೇ, ತೊಂಬತ್ತು ವರ್ಷ ಕಾಯಿಸದೆ ಕೇಳಬೇಕು. ನಮ್ಮ ನಮ್ಮ ಊರಿನ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಅವರ ಕಥೆ ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಗೋಡೆ ಪತ್ರಿಕೆಯಲ್ಲಿ ಹಾಕೋಣ.

– 7ನೇ ತರಗತಿ ವಿದ್ಯಾರ್ಥಿ