ಶಿಲ್ಪಿ ಅಂತ್ವಾನ್ ಕ್ವಾಜ್‌ವೋ

ಅರಸರ ಕೀರ್ತಿಯನ್ನು ಹಾಡುವುದು ಕವಿಗಳ ಕೆಲಸ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗೆ ಕವಿಗಳಷ್ಟೇ ಸಾಲಲಿಲ್ಲ. ಉದ್ಯಾನದ ಕಲ್ಲುಗಳೂ ತನ್ನನ್ನು ಹೊಗಳಬೇಕೆಂದು ಆತನು ಬಯಸಿದನು. ಹಾಗೆ ಕಲ್ಲಿನ ಬಾಯಿಂದ ಹೊಗಳಿಸಿದ ಶಿಲ್ಪಿಗಳಲ್ಲಿ ಕ್ವಾಜ್‌ವೋ ಅಗ್ರಗಣ್ಯನು.

ಈತನು 1640ರಲ್ಲಿ ಲಿಯಾನ್ ನಗರದಲ್ಲಿ ಜನಿಸಿದನು. ಹದಿನೇಳರ ಪ್ರಾಯದಲ್ಲಿ ಪ್ಯಾರಿಸ್ಸಿಗೆ ಬಂದು ಕೆಲಸ ಕಲಿತನು. 1676ರಲ್ಲಿ ರಾಜಾಶ್ರಯದ ಕಲಾ ಅಕಾಡೆಮಿಗೆ ಸೇರಿದನು. ಮುಂದೆ ಅದರ ನಿರ್ದೇಶಕನೂ ಆದನು.

ಆಗ ವರ್ಸಾಯ್ ಅರಮನೆಯ ಕೆಲಸ ಭರದಿಂದ ಸಾಗಿತ್ತು. ಋತುಗಳು, ಪಂಚಭೂತಗಳಲ್ಲಿ ನಾಲ್ಕು, ಭೂಖಂಡಗಳು, ದಿನದ ವೇಳೆಗಳು ಎಲ್ಲವೂ ಅಲ್ಲಿ ಅಮೃತಶಿಲೆಯ ಸ್ತ್ರೀಪುರುಷರಾಗಿ ನಿಲ್ಲಬೇಕಾಗಿತ್ತು. ಆಸ್ಥಾನ ಚಿತ್ರಕಾರ ಲ ಬ್ರುನ್ ಚಿತ್ರ ಬರೆದುಕೊಡುವನು. ಶಿಲ್ಪಿಗಳು ಅದರಂತೆ ಕಡೆಯುವರು. ಇಂಥ ಕಟ್ಟುಪಾಡಿನಲ್ಲಿ ಶಿಲ್ಪಿಗೆ ತನ್ನದೆಂಬುದು ಏನು ಉಳಿದೀತು? ಕ್ವಾಜ್‌ವೋ ಕಡೆದ ಮುಖಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಆ ಲ ಬ್ರುನ್ನನ ಎದೆಮಟ್ಟದ ಪ್ರತಿಮೆಯನ್ನೂ ಈತನೇ ಮಾಡಿದನು. ಅಲ್ಲಿರುವುದು ಅಧಿಕಾರಿಯಲ್ಲ, ಜೀವಂತ ಮನುಷ್ಯ.

ಆತನ ಅತ್ಯುತ್ತಮ ಕೃತಿಗಳು ಹುಟ್ಟಿದ್ದು ದೊರೆಯ ಇನ್ನೊಂದು ಉದ್ಯಾನವಾದ ಮಾರ್ಲಿಗಾಗಿ. ಸೇನ್, ಮಾರ್ನ್ ಎಂಬ ನದಿಗಳಿಗೆ ಅಲ್ಲಿ ಮನುಷ್ಯರೂಪ ಕೊಟ್ಟನು. (ಸೇನ್ ನದಿಯನ್ನು ಗಂಡಸಾಗಿ ಕಡೆದದ್ದು ನಮಗೆ ವಿಚಿತ್ರವೆನಿಸೀತು, ಯೂರೋಪಿನಲ್ಲಿ ಅದು ಹಳೆಯ ರೂಢಿ.) ಕುದುರೆಗಳು ನೀರು ಕುಡಿಯುವ ಕೊಳದ ಮೇಲುಗಡೆ ನಿಲ್ಲಿಸಲು ಎರಡು ರೆಕ್ಕೆಗುದುರೆಗಳನ್ನು ಕಡೆದನು. ಒಂದರ ಮೇಲೆ ಮರ್ಕ್ಯುರಿ ದೇವತೆ. ಇನ್ನೊಂದರ ಮೇಲೆ ಕೀರ್ತಿದೇವಿ, ತುಟಿಗೆ ಕಹಳೆಯಿಟ್ಟು ಅರಸನ ವಿಜಯವನ್ನು ಸಾರುತ್ತಿದ್ದಾಳೆ. ಒಂದೊಂದೂ ಒಂದೇ ಬಂಡೆಯದು. ಹಾರುವ ಕುದುರೆಯ ಭಾರವನ್ನೆಲ್ಲ ಹೊಟ್ಟೆಯ ಕೆಳಗೆ ರಾಶಿಬಿದ್ದ ಆಯುಧಗಳು ಹೊತ್ತಿವೆ; ಆಧಾರಕ್ಕೆ ಆಧಾರವೂ ಆಯಿತು, ಅರ್ಥಕ್ಕೆ ಅರ್ಥವೂ ಆಯಿತು. ಅರುವತ್ತು ದಾಟಿದ ಶಿಲ್ಪಿ ಎರಡನ್ನೂ ಎರಡೇ ವರ್ಷಗಳಲ್ಲಿ ಮುಗಿಸಿ, ಆ ಮಾತನ್ನು ಕಲ್ಲಿನಲ್ಲೇ ಕೆತ್ತಿಟ್ಟನು. ಕೀರ್ತಿದೇವಿಯ ಕಹಳೆ ದೊರೆಗಾದರೆ ಈ ಒಂದು ಸಾಲು ತನಗೆ!

ಅವು ಮಾರ್ಲಿಯಲ್ಲಿ ನಿಂತದ್ದು 1702ರಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ, 1704ರಲ್ಲಿ, ಬ್ಲೆನ್‌ಹೈಮ್ ಕದನದಲ್ಲಿ ಲೂಯಿಯ ಸೈನ್ಯ ನುಚ್ಚುನೂರಾಯಿತು. ಕಲ್ಲಿನ ಕಹಳೆ ಮಾತ್ರ ಊದುತ್ತಲೇ ಇತ್ತು.

1715ರಲ್ಲಿ ದೊರೆ ತೀರಿಕೊಂಡನು. ಕುದುರೆಗಳನ್ನು 1719ರಲ್ಲಿ ಪ್ಯಾರಿಸ್ಸಿನ ತ್ವಿಲರೀ ಉದ್ಯಾನದ ಬಾಗಿಲಿಗೆ ಸಾಗಿಸಿದರು. ಮರುವರ್ಷ ಕ್ವಾಜ್‌ವೋ ಕಾಲವಾದನು. ಮಾರ್ಲಿಯ ಬರಿದಾದ ಪೀಠಗಳಿಗೆ ಬೇರೆ ಕುದುರೆಗಳನ್ನು ಕಡೆದವನು ಆತನ ಸೋದರಿಯ ಮಗ ಗಿಯೋಮ್ ಕೂಸ್ತು. ಅವು 1745ರಲ್ಲಿ ನಿಂತವು. ಅವುಗಳಿಗೆ ರೆಕ್ಕೆಯಿಲ್ಲ, ಬೆನ್ನ ಮೇಲೆ ದೇವತೆಗಳಿಲ್ಲ, ಅರಸನ ಹೊಗಳಿಕೆಯೂ ಇಲ್ಲ. ಕೆರಳಿದ ಕುದುರೆ, ಹಿಡಿದು ನಿಲ್ಲಿಸುವ ಆಳು, ಅಷ್ಟೆ.

ಕ್ರಾಂತಿಯ ತರುವಾಯ ಮಾರ್ಲಿಯ ಅರಮನೆಯನ್ನು ಕೆಡವಿಹಾಕಿದರು. ಮಳೆಗಾಳಿಗೆ ಸವೆಯಬಾರದೆಂದು ಮೂಲಶಿಲ್ಪಗಳನ್ನು 1980ರ ದಶಕದಲ್ಲಿ ಲೂವ್ರ್ ಸಂಗ್ರಹಾಲಯಕ್ಕೆ ಒಯ್ದು, ಬಯಲಿನಲ್ಲಿ ಪ್ರತಿಕೃತಿಗಳನ್ನು ನಿಲ್ಲಿಸಿದರು. ಮಾವನ ಕುದುರೆಗಳೂ ಸೋದರಳಿಯನ ಕುದುರೆಗಳೂ ಈಗ ಅಲ್ಲಿ ಗಾಜಿನ ಮಾಡಿನ ಒಂದೇ ಅಂಗಳದಲ್ಲಿವೆ. ಆ ಅಂಗಳಕ್ಕೆ ಮಾರ್ಲಿಯ ಹೆಸರನ್ನೇ ಇಟ್ಟಿದ್ದಾರೆ.