ಪಾದರಸದ ಹನಿಯನ್ನು ಕಾದು ಕುಳಿತವರು

ಮಕ್ಕಳೇ, ಸರಿಯಾಗಿ ತಿರುಗಿಸದ ನಲ್ಲಿಯಿಂದ ನೀರು ತೊಟ್ಟಿಕ್ಕುವುದನ್ನು ನೀವೆಲ್ಲ ನೋಡಿದ್ದೀರಿ. ನಲ್ಲಿಯ ಬಾಯಲ್ಲಿ ಹನಿ ನಿಧಾನವಾಗಿ ಊದಿಕೊಳ್ಳುತ್ತದೆ, ಭಾರವಾಗುತ್ತದೆ, ಟಪ್ಪನೆ ಬೀಳುತ್ತದೆ. ಅದು ಬಿದ್ದ ಕೂಡಲೇ ಅಲ್ಲೇ ಇನ್ನೊಂದು ಹೊಸ ಹನಿ ಹುಟ್ಟುತ್ತದೆ. ಹೀಗೆ ಬೀಳುವ ಹನಿಗಳನ್ನು ಹೆಚ್ಚುಕಡಿಮೆ ಐವತ್ತು ವರ್ಷ ನೋಡುತ್ತ ಕುಳಿತ ವಿಜ್ಞಾನಿಯೊಬ್ಬರಿದ್ದರು. ಅವರು ನೋಡಿದ್ದು ನೀರಿನ ಹನಿಯನ್ನಲ್ಲ, ಪಾದರಸದ ಹನಿಯನ್ನು. ಅವರ ಹೆಸರು ಯಾರೊಸ್ಲಾವ್ ಹೇರೊವ್‌ಸ್ಕಿ.

ಅವರ ಕಥೆಗೆ ಹೋಗುವ ಮುಂಚೆ ಒಂದು ಪ್ರಶ್ನೆ. ತಾಮ್ರದ ಚೊಂಬನ್ನು ತೊಳೆಯದೆ ಬಿಟ್ಟರೆ ಅದರ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಚೊಂಬಿನಲ್ಲಿರುವುದೂ ತಾಮ್ರ, ಕಿಲುಬಿನಲ್ಲಿರುವುದೂ ತಾಮ್ರ. ಆದರೆ ಎರಡೂ ಒಂದೇ ಎನ್ನಲಾದೀತೇ? ಧಾತು ಒಂದೇ, ಅದರ ರಾಸಾಯನಿಕ ರೂಪ ಬೇರೆ ಬೇರೆ. ನದಿ, ಕೆರೆ, ಸಮುದ್ರದ ನೀರಿನಲ್ಲಿಯೂ ಹೀಗೆಯೇ. ಅಲ್ಲಿ ತಾಮ್ರ, ಸತು, ಸೀಸ, ಕಬ್ಬಿಣ ಮೊದಲಾದ ಲೋಹಗಳು ಬಹಳ ಅಲ್ಪ ಪ್ರಮಾಣದಲ್ಲಿ ಕರಗಿರುತ್ತವೆ. ಲೋಹದ ಕೆಲವು ಅಯಾನುಗಳು ಯಾರ ಕೈಯನ್ನೂ ಹಿಡಿಯದೆ ಬಿಡಿಯಾಗಿ ಓಡಾಡುತ್ತಿರುತ್ತವೆ. ಇನ್ನು ಕೆಲವು, ಕೊಳೆತ ಎಲೆಗಳಿಂದಲೋ ಸೂಕ್ಷ್ಮಜೀವಿಗಳಿಂದಲೋ ಬಂದ ವಸ್ತುಗಳ ಕೈ ಹಿಡಿದು ಕುಳಿತಿರುತ್ತವೆ.

ಇದರಿಂದ ಏನು ವ್ಯತ್ಯಾಸ ಎಂದಿರಾ? ಎರಡು ಗಾಜಿನ ಪಾತ್ರೆಗಳಲ್ಲಿ ಪಾಚಿ ಬೆಳೆಸಿ, ಎರಡಕ್ಕೂ ಒಂದೇ ಅಳತೆಯ ತಾಮ್ರ ಹಾಕಿದರೆಂದು ಭಾವಿಸಿ. ಒಂದರಲ್ಲಿ ತಾಮ್ರ ಬಿಡಿಯಾಗಿದೆ, ಇನ್ನೊಂದರಲ್ಲಿ ಬೇರೆ ವಸ್ತುವಿನೊಡನೆ ಗಟ್ಟಿಯಾಗಿ ಬಂಧಿತವಾಗಿದೆ. ಮೊದಲನೆಯದರಲ್ಲಿ ಪಾಚಿ ಸತ್ತು, ಎರಡನೆಯದರಲ್ಲಿ ಚೆನ್ನಾಗಿ ಬೆಳೆಯುವುದುಂಟು. ಅಂದರೆ ನೀರಿನಲ್ಲಿ ಲೋಹ ಎಷ್ಟಿದೆ ಎಂದು ಅಳೆದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಅದು ಯಾವ ರೂಪದಲ್ಲಿದೆ ಎಂಬುದೂ ತಿಳಿಯಬೇಕು. ಇದನ್ನು ತಿಳಿಯುವ ದಾರಿಗಳಲ್ಲಿ ಒಂದು ಮುಖ್ಯ ದಾರಿ ತೆರೆದದ್ದು ಪಾದರಸದ ಹನಿಯಿಂದ.

ಹೇರೊವ್‌ಸ್ಕಿ ಹುಟ್ಟಿದ್ದು 1890ರ ಡಿಸೆಂಬರ್ 20ರಂದು, ಯುರೋಪಿನ ಪ್ರಾಗ್ ನಗರದಲ್ಲಿ. ಇಂದು ಅದು ಚೆಕ್ ಗಣರಾಜ್ಯದ ರಾಜಧಾನಿ. ತಂದೆ ವಿಶ್ವವಿದ್ಯಾಲಯದಲ್ಲಿ ರೋಮನ್ ಕಾನೂನು ಕಲಿಸುವ ಪ್ರಾಧ್ಯಾಪಕರು. ಮಗನಿಗೆ ಮಾತ್ರ ಕಾನೂನಿಗಿಂತ ಭೌತ ಮತ್ತು ರಸಾಯನ ವಿಜ್ಞಾನಗಳೇ ಇಷ್ಟ. ಪ್ರಾಗ್‌ನಲ್ಲಿ ಒಂದು ವರ್ಷ ಓದಿ, 1910ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದರು.

ಅಲ್ಲಿ ಡೊನ್ನನ್ ಎಂಬ ಗುರುಗಳು ಅಲ್ಯೂಮಿನಿಯಮ್ ಲೋಹದ ವಿದ್ಯುತ್ ಗುಣಗಳನ್ನು ಅಳೆಯುವ ಕೆಲಸ ಕೊಟ್ಟರು. ಸುಲಭವೆಂದು ಕಂಡ ಆ ಕೆಲಸ ತಲೆನೋವಾಯಿತು. ಅಲ್ಯೂಮಿನಿಯಮ್ ತಗಡನ್ನು ದ್ರಾವಣದಲ್ಲಿ ಅದ್ದಿದರೆ ಅದರ ಮೇಲೆ ಆಕ್ಸೈಡಿನ ಪೊರೆ, ಜೊತೆಗೆ ಅನಿಲದ ಗುಳ್ಳೆಗಳು. ಅಳತೆ ಒಮ್ಮೆ ಬಂದಂತೆ ಇನ್ನೊಮ್ಮೆ ಬಾರದು. ಆಗ ಡೊನ್ನನ್ ಒಂದು ಉಪಾಯ ಹೇಳಿಕೊಟ್ಟರು. ಸ್ವಲ್ಪ ಅಲ್ಯೂಮಿನಿಯಮ್ಮನ್ನು ಪಾದರಸದಲ್ಲಿ ಕರಗಿಸಿ, ಕೂದಲೆಳೆಯಂಥ ರಂಧ್ರವಿರುವ ಗಾಜಿನ ನಳಿಗೆಯಿಂದ ಹೊರಬರುವಂತೆ ಮಾಡುವುದು. ಹನಿ ಹೊಸದಾದರೆ ಅದರ ಮೈಯೂ ಹೊಸದು, ಕೊಳೆ ಕೂರಲು ಸಮಯವೇ ಇಲ್ಲ!

ಅಷ್ಟರಲ್ಲಿ 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಊರಿಗೆ ಬಂದಿದ್ದ ಹೇರೊವ್‌ಸ್ಕಿ ಲಂಡನ್ನಿಗೆ ಮರಳಲಾಗಲಿಲ್ಲ. ಸೈನಿಕ ಆಸ್ಪತ್ರೆಯಲ್ಲಿ ಔಷಧ ಮತ್ತು ಎಕ್ಸ್-ಕಿರಣ ವಿಭಾಗಗಳಲ್ಲಿ ದುಡಿಯುತ್ತಲೇ ಓದು ಮುಂದುವರಿಸಿದರು. 1918ರಲ್ಲಿ ಪಿಎಚ್.ಡಿ. ಪರೀಕ್ಷೆಗೆ ಕುಳಿತಾಗ ಪರೀಕ್ಷಕರಾಗಿ ಬಂದವರು ಭೌತವಿಜ್ಞಾನಿ ಕುಚೆರಾ. ಅವರೂ ಪಾದರಸದ ಹನಿಗಳ ಬೆನ್ನು ಹತ್ತಿದ್ದವರೇ. ಹನಿಗೆ ವಿದ್ಯುತ್ ಕೊಟ್ಟಾಗ ಅದರ ತೂಕ ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದ ಅವರಿಗೆ ಕೆಲವು ವಿಚಿತ್ರ ಫಲಿತಾಂಶಗಳು ಸಿಕ್ಕಿದ್ದವು. ಅದನ್ನು ಬಿಡಿಸಲು ಅವರು ಹೇರೊವ್‌ಸ್ಕಿಯವರನ್ನು ಹುರಿದುಂಬಿಸಿದರು.

ಹನಿಗಳನ್ನು ಹಿಡಿಯುವುದು, ತೊಳೆಯುವುದು, ಒಣಗಿಸುವುದು, ತೂಗುವುದು. ಮತ್ತೆ ಅದೇ. ನೀವಾಗಿದ್ದರೆ ಎಷ್ಟು ದಿನ ಮಾಡುತ್ತಿದ್ದಿರಿ? ಹೇರೊವ್‌ಸ್ಕಿ ವರ್ಷಗಟ್ಟಲೆ ಮಾಡಿದರು. ಸಮಸ್ಯೆ ಕೊಟ್ಟ ಕುಚೆರಾ 1921ರಲ್ಲಿ ತೀರಿಹೋದರು. ಮರುವರ್ಷ ನಡೆದದ್ದನ್ನು ಅವರು ನೋಡಲಿಲ್ಲ.

1922ರ ಫೆಬ್ರವರಿ 10ರಂದು ಹೇರೊವ್‌ಸ್ಕಿ ಹನಿಯನ್ನು ತೂಗುವುದನ್ನು ಬಿಟ್ಟು, ಅದರ ಮೂಲಕ ಹರಿಯುವ ವಿದ್ಯುತ್ತನ್ನೇ ಗ್ಯಾಲ್ವನೋಮೀಟರಿನಿಂದ ಅಳೆದರು. ಪಾತ್ರೆಯಲ್ಲಿದ್ದದ್ದು ಸೋಡಿಯಮ್ ಹೈಡ್ರಾಕ್ಸೈಡ್ ದ್ರಾವಣ. ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಂತೆ, ಒಂದು ಹಂತದಲ್ಲಿ ವಿದ್ಯುತ್ ಪ್ರವಾಹ ದಿಢೀರನೆ ಏರಿತು. ದ್ರಾವಣದಲ್ಲಿದ್ದ ಸೋಡಿಯಮ್ ಅಯಾನುಗಳು ಹನಿಯಿಂದ ಇಲೆಕ್ಟ್ರಾನು ಪಡೆದು ಪಾದರಸದೊಳಗೆ ಇಳಿಯತೊಡಗಿದ್ದವು!

ಇದು ಹೇಗೆ ಉಪಯೋಗಕ್ಕೆ ಬರುತ್ತದೆ ನೋಡಿ. ಪ್ರತಿ ಲೋಹಕ್ಕೂ ತನ್ನದೇ ಆದ ವೋಲ್ಟೇಜು ಇದೆ. ತಾಮ್ರ, ಸೀಸ, ಕ್ಯಾಡ್ಮಿಯಮ್, ಸತು ನಾಲ್ಕೂ ಇರುವ ದ್ರಾವಣವಾದರೆ ಮೊದಲು ತಾಮ್ರ, ಆಮೇಲೆ ಸೀಸ, ಬಳಿಕ ಕ್ಯಾಡ್ಮಿಯಮ್, ಕೊನೆಗೆ ಸತು ಹನಿಯೊಳಕ್ಕೆ ಇಳಿಯುತ್ತವೆ. ಕಾಗದದ ಮೇಲೆ ಗೆರೆ ಎಳೆದರೆ ಅದು ಮೆಟ್ಟಿಲುಗಳಂತೆ ಕಾಣುತ್ತದೆ. ಮೆಟ್ಟಿಲು ಎಲ್ಲಿದೆ ಎಂಬುದರಿಂದ ಯಾವ ಲೋಹ ಎಂದು ಗೊತ್ತಾಗುತ್ತದೆ, ಎಷ್ಟು ಎತ್ತರವಿದೆ ಎಂಬುದರಿಂದ ಎಷ್ಟು ಲೋಹ ಎಂದು ಗೊತ್ತಾಗುತ್ತದೆ. ಲೋಹವು ಬೇರೊಂದು ವಸ್ತುವಿನ ಕೈ ಹಿಡಿದಿದ್ದರೆ? ಆ ಕೈ ಬಿಡಿಸಲು ಹೆಚ್ಚು ವೋಲ್ಟೇಜು ಬೇಕು. ಆಗ ಮೆಟ್ಟಿಲು ತನ್ನ ಜಾಗದಿಂದ ಸರಿಯುತ್ತದೆ. ಎಷ್ಟು ಸರಿಯಿತು ಎಂಬುದೇ ಹಿಡಿತ ಎಷ್ಟು ಗಟ್ಟಿ ಎಂದು ಹೇಳುತ್ತದೆ. ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಇಲ್ಲಿದೆ.

ಒಂದೊಂದು ಬಿಂದುವನ್ನೂ ಕೈಯಿಂದ ಅಳೆದು ಗೆರೆ ಎಳೆಯುವುದು ತುಂಬ ಹೊತ್ತಿನ ಕೆಲಸ. ಜಪಾನಿನಿಂದ ಬಂದಿದ್ದ ಮಸುಜೊ ಶಿಕಾತ ಅವರೊಡನೆ ಸೇರಿ ಹೇರೊವ್‌ಸ್ಕಿ 1924ರಲ್ಲಿ ಆ ಗೆರೆಯನ್ನು ತಾನೇ ಬರೆಯುವ ಯಂತ್ರವೊಂದನ್ನು ಕಟ್ಟಿದರು. ಅದೇ ಪೋಲರೋಗ್ರಾಫ್. ನಾನು ಎಂ.ಎಸ್ಸಿ. ಓದುವಾಗ ನಮ್ಮ ಪ್ರಯೋಗಾಲಯದ ಮೂಲೆಯಲ್ಲಿಯೂ ಒಂದು ಹಳೆಯ ಪೋಲರೋಗ್ರಾಫ್ ಇತ್ತು. ಮೊದಲ ದಿನ ನಾನು ಗೆರೆಯನ್ನು ಮರೆತು, ಬೀಳುವ ಹನಿಗಳನ್ನೇ ನೋಡುತ್ತ ನಿಂತಿದ್ದೆ.

1939ರಲ್ಲಿ ಜರ್ಮನಿಯ ನಾಜಿಗಳು ಹೇರೊವ್‌ಸ್ಕಿಯವರ ದೇಶವನ್ನು ಆಕ್ರಮಿಸಿದರು. ಆ ವರ್ಷ ನವೆಂಬರಿನಲ್ಲಿ ಚೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಬಿತ್ತು. ಹೇರೊವ್‌ಸ್ಕಿಯವರ ಕೆಲಸವೂ ಅಲ್ಲಿಗೆ ನಿಲ್ಲಬೇಕಾಗಿತ್ತು. ಆದರೆ ನಿಲ್ಲಲಿಲ್ಲ. ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿದ್ದ ಬೋಮ್ ಎಂಬ ಪ್ರಾಧ್ಯಾಪಕರು ನಾಜಿಗಳನ್ನು ಒಪ್ಪದವರು. ಅವರ ನೆರವಿನಿಂದ ಹೇರೊವ್‌ಸ್ಕಿ ಯುದ್ಧದ ಉದ್ದಕ್ಕೂ ಪ್ರಯೋಗಾಲಯದಲ್ಲಿ ಉಳಿಯುವಂತಾಯಿತು.

1950ರಲ್ಲಿ ಪ್ರಾಗ್‌ನಲ್ಲಿ ಈ ವಿಧಾನಕ್ಕೆಂದೇ ಒಂದು ಸಂಸ್ಥೆ ಆರಂಭವಾಯಿತು, ಅದಕ್ಕೆ ಹೇರೊವ್‌ಸ್ಕಿ ನಿರ್ದೇಶಕರು. 1955ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ನೊಬೆಲ್‌ಗೆ ಅವರ ಹೆಸರು ಹಲವು ಸಲ ಹೋಗಿ ಹಾಗೆಯೇ ಹಿಂದೆ ಬಂದಿತ್ತು. ಕೊನೆಗೆ 1959ರಲ್ಲಿ, ಆ ಫೆಬ್ರವರಿಯ ಪ್ರಯೋಗವಾಗಿ 37 ವರ್ಷಗಳ ಮೇಲೆ, ರಸಾಯನ ವಿಜ್ಞಾನದ ನೊಬೆಲ್ ಬಂತು. ಚೆಕೊಸ್ಲೊವಾಕಿಯದ ಪ್ರಜೆಯೊಬ್ಬರಿಗೆ ಬಂದ ಮೊದಲ ನೊಬೆಲ್ ಅದು. 1967ರ ಮಾರ್ಚ್ 27ರಂದು ಅವರು ತೀರಿಕೊಂಡರು.

ಆದರೆ ಹನಿಯ ಕೆಲಸ ಮುಗಿದಿರಲಿಲ್ಲ. ಸಮುದ್ರದ ನೀರಿನಲ್ಲಿ ಲೋಹ ಎಷ್ಟು ಕಡಿಮೆಯೆಂದರೆ ಹಳೆಯ ಪೋಲರೋಗ್ರಾಫಿಗೆ ಮೆಟ್ಟಿಲೇ ಕಾಣುತ್ತಿರಲಿಲ್ಲ. ಆಮೇಲೆ ಬಂದವರು ಒಂದೇ ಹನಿಯನ್ನು ಬೀಳದಂತೆ ತೂಗಿಬಿಟ್ಟು, ಅದರಲ್ಲಿ ಕೆಲವು ನಿಮಿಷ ಲೋಹವನ್ನು ಕೂಡಿಹಾಕಿ, ಬಳಿಕ ಒಟ್ಟಿಗೆ ಹೊರಬಿಟ್ಟು ಅಳೆಯುವುದನ್ನು ಕಲಿತರು. ಇಂಥ ಹನಿ ವಿಧಾನಗಳಿಂದಲೇ, ಸಮುದ್ರದ ಮೇಲ್ಭಾಗದ ನೀರಿನಲ್ಲಿ ಕರಗಿರುವ ತಾಮ್ರದಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಬಂಧಿತವಾಗಿರುತ್ತದೆ ಎಂದು 1980ರ ದಶಕದಲ್ಲಿ ತಿಳಿದುಬಂತು. 1990ರ ದಶಕದಲ್ಲಿ ಕಬ್ಬಿಣದ ಕಥೆಯೂ ಹಾಗೆಯೇ ಎಂದು ಗೊತ್ತಾಯಿತು. ಸಮುದ್ರದ ಸೂಕ್ಷ್ಮ ಸಸ್ಯಗಳಿಗೆ ಕಬ್ಬಿಣ ಬೇಕೇ ಬೇಕು. ಹಾಗಾದರೆ ಗಟ್ಟಿಯಾಗಿ ಕಟ್ಟಿಹಾಕಿದ ಕಬ್ಬಿಣವನ್ನು ಅವು ಬಿಡಿಸಿಕೊಳ್ಳುವುದು ಹೇಗೆ? ವಿಜ್ಞಾನಿಗಳು ಅದನ್ನು ಇನ್ನೂ ಹುಡುಕುತ್ತಿದ್ದಾರೆ.

ಇಷ್ಟೆಲ್ಲ ಓದಿ ಪಾದರಸ ಹುಡುಕಿಕೊಂಡು ಹೋಗಬೇಡಿ, ಮತ್ತೆ! ಅದು ವಿಷ, ಅದರ ಆವಿಯೂ ವಿಷ. ಥರ್ಮಾಮೀಟರು ಒಡೆದರೆ ಮುಟ್ಟದೆ ದೊಡ್ಡವರನ್ನು ಕರೆಯಿರಿ. ಆ ಕಾರಣಕ್ಕೇ ಇಂದು ಹಲವು ಪ್ರಯೋಗಾಲಯಗಳು ಪಾದರಸದ ಬದಲು ಬಿಸ್ಮತ್, ಚಿನ್ನ, ಇಂಗಾಲಗಳ ವಿದ್ಯುದಗ್ರಗಳನ್ನು ಬಳಸತೊಡಗಿವೆ. ಆದರೆ ಪ್ರತಿ ಸಲವೂ ಹೊಸದಾಗಿ ಹುಟ್ಟುವ ಮೈ ಅವಕ್ಕಿಲ್ಲ. ಅವುಗಳ ಮೈಯನ್ನು ಆಗಾಗ ಉಜ್ಜಿಯೋ ವಿದ್ಯುತ್ ಹಾಯಿಸಿಯೋ ಶುಚಿ ಮಾಡಿಕೊಳ್ಳಬೇಕಾಗುತ್ತದೆ.